ಅರವತ್ತೊಂದನೇ ಸಾಲಿನ ಕೆಳಗೆ

"ಅರವತ್ತೊಂದು ಆದ ಮೇಲೆ ಎಷ್ಟು ಬರಬೇಕು, ರಾಘವೇಂದ್ರ ಅವರೇ?"

ಪ್ರಿಯಂವದಾ ಕೇಳಿದ್ದು ಒಂದನೇ ಕ್ಲಾಸಿನ ಲೆಕ್ಕ. ಕೇಳಿಸಿಕೊಂಡವರು ಕೃಷಿಯಲ್ಲಿ ಎಂ.ಎಸ್ಸಿ. ಮಾಡಿದವರು. ಆದರೂ ಉತ್ತರ ಬಾಯಿಗೆ ಬರುವ ಮೊದಲು ರಾಘವೇಂದ್ರ ಕನ್ನಡಕ ತೆಗೆದು ಒರೆಸಿಕೊಂಡು, ಕಂಪ್ಯೂಟರ್ ಪರದೆಯ ಎಡ ಅಂಚನ್ನು ಇನ್ನೊಮ್ಮೆ ನೋಡಿದರು.

"ಅರವತ್ತೆರಡು."

"ಇಲ್ಲಿ ಎಷ್ಟಿದೆ?"

"ಇನ್ನೂರ ತೊಂಬತ್ತೆಂಟು."

"ಹಾಗಾದರೆ ನಡುವಿನವು ಎಲ್ಲಿಗೆ ಹೋದವು? ಸಂತೆಗೋ?"

ರಾಘವೇಂದ್ರ ನಗಲಿಲ್ಲ. ಮಂಡ್ಯದ ನೆಲ್ಲುಸಿರಿ ಟ್ರಸ್ಟಿನ ಕಾರ್ಯದರ್ಶಿಗಳಾದ ಅವರಿಗೆ ಆ ಬೆಳಗ್ಗೆ ನಗುವ ಮನಸ್ಸೇ ಇರಲಿಲ್ಲ. ನಾಡಭತ್ತದ ತಳಿಗಳ ಆ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿ, ಟ್ರಸ್ಟಿನವರೂ ಬೀಜ ಕಾಯುವ ಮನೆಯವರೂ ಎಲ್ಲಿಂದ ಬೇಕಾದರೂ ತೆರೆಯುವ ಹಾಗೆ ಮಾಡಿದವರು ಅವರೇ. ಈಗ ಅದೇ ಪಟ್ಟಿಯನ್ನು ಸಾಕ್ಷಿಯಾಗಿ ಹಿಡಿದು, ಟ್ರಸ್ಟಿನ ಕಚೇರಿಯ ಬಾಗಿಲ ಬಳಿ ಕುರ್ಚಿಯ ತುದಿಯಲ್ಲಿ ಕೂತಿದ್ದ ನಾಗರತ್ನಳನ್ನು ಕಳ್ಳಿ ಎನ್ನುತ್ತಿದ್ದರು.

ನಾಗರತ್ನ ಮಳವಳ್ಳಿ ಕಡೆಯ ಮುತ್ತಿನಕೊಪ್ಪಲಿನವಳು, ಪುಟ್ಟಮಾದಯ್ಯನ ಸೊಸೆ. ಊರೂರು ತಿರುಗಿ ನೂರಾರು ತಳಿಯ ಭತ್ತ ಕೂಡಿಟ್ಟ ಪುಟ್ಟಮಾದಯ್ಯನಿಗೆ ಮುಂಗಾರಿನ ಮೊದಲು ಲಕ್ವ ಹೊಡೆದು ಮಾತು ನಿಂತಿತ್ತು. ಅವನು ಹಾಸಿಗೆ ಹಿಡಿದ ಮೇಲೆ ಬೀಜದ ಮನೆಯಿಂದ ಒಂದೇ ಒಂದು ಮಡಕೆ ಕಾಣೆಯಾಗಿತ್ತು. ಅದರಲ್ಲಿದ್ದದ್ದು ಗಂಗೆಮುಡಿ.

ವಾರಗಟ್ಟಲೆ ನೆರೆ ನೀರಲ್ಲಿ ಮುಳುಗಿದ್ದರೂ ಕೊಳೆಯದೆ, ನೀರು ಇಳಿದ ಮೇಲೆ ತಲೆ ಎತ್ತುವ ಭತ್ತ ಅದು. ಬೇರೆ ಎಲ್ಲೂ ಇಲ್ಲ ಎಂದು ಟ್ರಸ್ಟಿನವರೇ ಹೇಳುತ್ತಿದ್ದರು. ಮಡಕೆಯಲ್ಲಿದ್ದದ್ದು ಹೋದ ವರ್ಷಕ್ಕೂ ಹಿಂದಿನ ಕಾಳು. ಈ ಸಲ ಸಸಿಮಡಿಗೆ ಚೆಲ್ಲಿ ಒಟ್ಲು ಬಿಡದಿದ್ದರೆ ಮುಂದಿನ ವರ್ಷ ಮೊಳೆಯುವ ಭರವಸೆ ಇಲ್ಲ. ನಾಲೆಗೆ ನೀರು ಬಿಟ್ಟಾಗಿತ್ತು. ಗದ್ದೆ ಬಯಲಲ್ಲಿ ಎಲ್ಲರೂ ಒಟ್ಲಿನ ಮಡಿ ಹದ ಮಾಡುತ್ತಿದ್ದರು.

"ನೋಡಿ ಪ್ರಿಯಂವದಾ," ರಾಘವೇಂದ್ರ ಗಂಟಲು ಸರಿಮಾಡಿಕೊಂಡರು. "ನೀವು ವಿದ್ಯಾನಗರದಲ್ಲಿ ಅರ್ಧ ಮಂಡ್ಯಕ್ಕೆ ಕಂಪ್ಯೂಟರ್ ಕಲಿಸಿದವರು. ಪತ್ತೇದಾರಿಯಲ್ಲೂ ನಿಮ್ಮ ಹೆಸರಿದೆ, ಒಪ್ಪಿದೆ. ಆದರೆ ಇದರಲ್ಲಿ ಪತ್ತೆ ಮಾಡುವುದು ಏನೂ ಉಳಿದಿಲ್ಲ. ಗಂಗೆಮುಡಿ ಎಂಬ ಸಾಲನ್ನು ಈ ಪಟ್ಟಿಯಿಂದ ಅಳಿಸಿದ್ದು ನಾಗರತ್ನ ಎಂಬ ಖಾತೆಯಿಂದ. ಯಾರು ಏನು ತಿದ್ದಿದರು ಅಂತ ಇದರಲ್ಲೇ ದಾಖಲಾಗತ್ತೆ. ಬೇಕಾದರೆ ತೆಗೆದು ತೋರಿಸ್ತೀನಿ."

"ತೋರಿಸಿದ್ದೀರಿ. ನೋಡಿದ್ದೀನಿ."

"ಮತ್ತೆ? ಹೊರಗಿನ ಬೀಜದ ಕಂಪನಿಯವರು ಈ ತಳಿಗೆ ಎಷ್ಟು ಹಾತೊರೀತಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಈಕೆ ಒಪ್ಪಿಕೊಂಡರೆ ಮಾತು ಈ ನಾಲ್ಕು ಗೋಡೆ ಒಳಗೇ ಮುಗಿಯತ್ತೆ. ಇಲ್ಲ ಅಂದರೆ ಸಂಜೆ ಠಾಣೆಗೆ ದೂರು ಕೊಡ್ತೀನಿ. ನನಗೇನು ಆಸೆಯೇ?"

ನಾಗರತ್ನ ತಲೆ ಎತ್ತಿದಳು. ಅತ್ತು ಅತ್ತು ಕಣ್ಣ ಕೆಳಗೆ ಊದಿಕೊಂಡಿತ್ತು. ಆದರೆ ದನಿ ಬಿಗಿಯಾಗಿತ್ತು.

"ನಾನು ಮುಟ್ಟಿಲ್ಲ ಸಾ. ಎಷ್ಟು ಸತಿ ಏಳ್ಲಿ? ಮುಟ್ಟಿಲ್ದೆ ಇರೋದ್ನ ಮುಟ್ಟಿವ್ನಿ ಅಂತ ಯಂಗ್ ಏಳ್ಲಿ? ಟೇಸನ್‌ಗೆ ಬೇಕಾರೂ ಓಯ್ತೀನಿ. ನಂಗೆ ಅದ್ರ ಬಯ ಇಲ್ಲ." ಅವಳು ಪ್ರಿಯಂವದಾಳ ಕಡೆ ತಿರುಗಿದಳು. "ಮಾವ ನನ್ ಮಖ ನೋಡಾಕಿಲ್ಲ ಕಣಕ್ಕಾ. ಮಡಕೆ ಓದ ದಿನದಿಂದ ಗೋಡೆ ಕಡೆ ತಿರುಗ್ಕತಾರೆ. ಮಗ ಕುಡುಸುದ್ರೆ ಗಂಜಿ ಕುಡೀತಾರೆ, ನಾನು ಕುಡ್ಸಾಕೋದ್ರೆ ಬಾಯಿ ಬಿಡಾಕಿಲ್ಲ. ಅದೊಂದು ಸರಿಯಾದ್ರೆ ಸಾಕು ನಂಗೆ."

ಕಳವಿನ ಮಾಲು ಸಿಕ್ಕರೆ ಕೇಸು ಮುಗಿಯುತ್ತದೆ ಎಂದುಕೊಂಡು ಬಂದವಳು ಪ್ರಿಯಂವದಾ. ಈ ಹೆಂಗಸು ಕೇಳುತ್ತಿದ್ದದ್ದು ಒಬ್ಬ ಮುದುಕನ ನೋಟವನ್ನು.

ಮತ್ತೆ ಪರದೆಯ ಕಡೆ ತಿರುಗಿದಳು.

ಎಡ ಅಂಚಿನ ನಂಬರುಗಳು ನೀಲಿಯಾಗಿದ್ದವು. "ಇದು ನಿಮ್ಮ ಕೆಲಸ ತಾನೆ?" ಎಂದಳು. "ಸೋಸಿ ಇಟ್ಟಿದ್ದೀರಿ. ನಂಬರು ನೀಲಿಯಾಗಿದ್ದರೆ ಫಿಲ್ಟರ್ ಹಾಕಿದ್ದಾರೆ ಅಂತ ಅರ್ಥ."

"ಹೌದು, ಮೊಳಕೆ ಪರೀಕ್ಷೆ ಮುಗಿದ ತಳಿಗಳು ಮಾತ್ರ ಕಾಣಲಿ ಅಂತ. ಅದರಲ್ಲೇನು ತಪ್ಪು?"

"ತಪ್ಪೇನಿಲ್ಲ. ಜರಡಿ ತೆಗೆಯೋಣ."

ಫಿಲ್ಟರ್ ತೆಗೆದಳು. ನಂಬರುಗಳು ಕಪ್ಪಾದವು. ಅಲ್ಲೊಂದು ಇಲ್ಲೊಂದು ಅಡಗಿದ್ದ ತಳಿಗಳು ಹೊರಬಂದವು. ಆದರೆ ಅರವತ್ತೊಂದರ ಕೆಳಗೆ ಇನ್ನೂರ ತೊಂಬತ್ತೆಂಟು ಹಂದಾಡದೆ ಹಾಗೇ ಕೂತಿತ್ತು.

"ಆ ಜಾಗದ್ದನ್ನೂ ಈಕೆಯೇ ಅಳಿಸಿರಬೇಕು," ಎಂದರು ರಾಘವೇಂದ್ರ.

"ಅಳಿಸಿದರೆ ನಂಬರು ಹಾರಲ್ಲ ರಾಘವೇಂದ್ರ ಅವರೇ. ಬಸ್ಸಿನ ಸೀಟಿನ ಹಾಗೆ, ಒಬ್ಬರು ಎದ್ದರೆ ಪಕ್ಕದವರು ಸರಿದು ಕೂರ್ತಾರೆ. ಗಂಗೆಮುಡಿಯ ಸಾಲು ಅಳಿಸಿದರಲ್ಲ, ಆ ಜಾಗದಲ್ಲಿ ಗುಂಡಿ ಬಿದ್ದಿದೆಯೇ ನೋಡಿ. ಇಲ್ಲ. ಕೆಳಗಿನವು ಮೇಲೆ ಬಂದು ನಂಬರು ತುಂಬಿಕೊಂಡಿವೆ. ನಂಬರು ಹಾರಿದೆ ಅಂದರೆ ಸಾಲುಗಳು ಸತ್ತಿಲ್ಲ. ಎಲ್ಲೋ ಅಡಗಿ ಕೂತಿವೆ."

ಹೇಳುವುದು ಸುಲಭ. ಎರಡೂ ನಂಬರುಗಳನ್ನು ಸೇರಿಸಿ ಹಿಡಿದು, ಅಡಗಿಸಿದ್ದನ್ನು ಬಿಚ್ಚು ಎಂದು ಆಜ್ಞೆ ಕೊಟ್ಟಳು. ಏನೂ ಆಗಲಿಲ್ಲ. ಇಡೀ ಹಾಳೆಯನ್ನು ಹಿಡಿದು ಅದನ್ನೇ ಮಾಡಿದಳು. ಕಲ್ಲಿನ ಮೇಲೆ ನೀರು ಹೊಯ್ದ ಹಾಗಾಯಿತು. ಹಾಳೆಗೆ ಬೀಗ ಹಾಕಿದ್ದಾರೆಯೇ ಎಂದು ನೋಡಿದಳು. ಬೀಗವೂ ಇರಲಿಲ್ಲ.

ರಾಘವೇಂದ್ರ ಗಡಿಯಾರ ನೋಡಿಕೊಂಡರು. ಮದ್ದೂರಿನಿಂದ ಬರುವಾಗ ಕಟ್ಟಿಸಿಕೊಂಡು ಬಂದಿದ್ದ ವಡೆಯ ಪೊಟ್ಟಣ ಬಿಚ್ಚಿ, ಯಾರಿಗೂ ತಿನ್ನುವ ಮನಸ್ಸಿಲ್ಲದ್ದು ಕಂಡು ಮತ್ತೆ ಮಡಿಸಿಟ್ಟರು.

ಪ್ರಿಯಂವದಾ ಇಲಿಯನ್ನು, ಅಂದರೆ ಕಂಪ್ಯೂಟರಿನದನ್ನು, ಪಕ್ಕಕ್ಕೆ ತಳ್ಳಿದಳು. ಹೊಸದಾಗಿ ಕಲಿಯಲು ಬಂದ ಹುಡುಗಿಯರು ಮಾಡುವ ಹಾಗೆ ಅರವತ್ತೊಂದನೇ ಸಾಲಿನ ಮೊದಲ ಮನೆಯಲ್ಲಿ, ಅಂದರೆ ಸೆಲ್ಲಿನಲ್ಲಿ, ಕೂತು, ಕೆಳಮುಖದ ಬಾಣದ ಗುಂಡಿಯನ್ನು ಒಂದು ಸಲ ಒತ್ತಿದಳು.

ನಿಜವಾಗಿ ಅಡಗಿಸಿದ ಸಾಲುಗಳಾದರೆ ಬಾಣ ಅವನ್ನು ಹಾರಿಕೊಂಡು ನೇರ ಇನ್ನೂರ ತೊಂಬತ್ತೆಂಟಕ್ಕೆ ಹೋಗಬೇಕು. ಹೋಗಲಿಲ್ಲ. ಯಾವ ಮನೆಯಲ್ಲಿದ್ದೇವೆಂದು ತೋರಿಸುವ ಹಸಿರು ಚೌಕ ಎರಡು ನಂಬರುಗಳ ನಡುವೆ ಒಂದು ದಾರದೆಳೆಯಷ್ಟಾಗಿ ನಿಂತುಬಿಟ್ಟಿತು.

ಪರದೆಯ ಮೇಲ್ಗಡೆ, ಮನೆಯೊಳಗೆ ಬರೆದದ್ದನ್ನು ತೋರಿಸುವ ಉದ್ದ ಪಟ್ಟಿ ಇರುತ್ತದಲ್ಲ, ಅಲ್ಲಿ ಅಕ್ಷರಗಳು ಮೂಡಿದವು.

"ಸಣ್ಣತಾಯಮ್ಮ. ಹೊಳಲಿಗೆ. ರತ್ನಚೂಡಿ."

ಮುಂದೆ ಒಂದು ಫೋನ್ ನಂಬರು.

ಪ್ರಿಯಂವದಾ ಮತ್ತೊಂದು ಸಲ ಒತ್ತಿದಳು. ಚೌಕ ಕದಲಿದ ಹಾಗೆ ಕಾಣಲಿಲ್ಲ. ಮೇಲಿನ ಹೆಸರು ಮಾತ್ರ ಬದಲಾಯಿತು.

"ಕೆಂಪಮ್ಮ. ಕೆಸ್ತೂರಿಗೆ. ಬಂಗಾರಸಣ್ಣ."

ಮತ್ತೊಂದು. "ಜಯಮ್ಮ. ಹಲಗೂರಿಗೆ. ಕರಿಜಡ್ಡು."

ಮತ್ತೊಂದು. ಇನ್ನೊಂದು. ರಾಜಮುಡಿ, ಜೀರಿಗೆಸಣ್ಣ, ಗಂಧಸಾಲೆ, ಹಾಲುಬ್ಬಲು. ಒತ್ತಿದಷ್ಟೂ ಹೆಂಗಸರು ಬರುತ್ತಿದ್ದರು, ಒಬ್ಬೊಬ್ಬಳ ಹೆಸರಿಗೂ ಒಂದು ಊರು, ಒಂದು ಭತ್ತ. ಬೆರಳು ನೋಯುತ್ತಿತ್ತು, ನಿಲ್ಲಿಸಲು ಮನಸ್ಸು ಬರಲಿಲ್ಲ. ಇಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂತವಳಿಗೆ ಅದರೊಳಗಿಂದ ಇಂಥದ್ದು ಎದ್ದು ಬರುತ್ತದೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

"ಯಾರು ಇವರೆಲ್ಲ?" ರಾಘವೇಂದ್ರರ ದನಿ ಇಳಿದಿತ್ತು. ಅವರು ಯಾವಾಗ ಎದ್ದು ಬಂದು ಹಿಂದೆ ನಿಂತಿದ್ದರೋ ತಿಳಿಯದು.

ಉತ್ತರ ಬಾಗಿಲ ಕಡೆಯಿಂದ ಬಂತು. ನಾಗರತ್ನ ಕುರ್ಚಿ ಬಿಟ್ಟು ಎದ್ದಿದ್ದಳು.

"ನಮ್ಮೂರ ಎಣ್ಮಕ್ಳು ಕಣಕ್ಕಾ ಅವೆಲ್ಲ. ಮದ್ವೆ ಆಗಿ ಓದೋರು." ಅವಳು ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. "ಅಯ್ಯೋ ಸಿವನೇ, ಮಡ್ಲಕ್ಕಿ!"

"ಏನು ಹಾಗಂದರೆ?"

"ಎಣ್ಣು ಗಂಡನ ಮನೆಗೆ ಓಗೋ ವತ್ನಲ್ಲಿ ಮಡ್ಲಿಗೆ ಅಕ್ಕಿ, ಬೆಲ್ಲ, ಕಾಯಿ ಆಕ್ತಾರಲ್ವಾ? ಎಲ್ರೂ ಆಕುದ್ ಮೇಲೆ ಕಡೇಗೆ ನಮ್ ಮಾವ ಬರೋರು. ಅಕ್ಕಿ ಅಲ್ಲ, ಒಂದ್ ಮುಟ್ಗೆ ಭತ್ತ ಆಕೋರು. ಹೆಂಗುಸ್ರೆಲ್ಲ ಬಯ್ಯೋರು, ಈ ಹುಚ್ಚಯ್ಯ ಅಕ್ಕಿ ಆಕೋ ಕಡೆ ಭತ್ತ ಆಕ್ತಾನಲ್ಲಪ್ಪಾ ಅಂತ. ಮಾವ ನಗೋರು. ತವರ್ನ ಭತ್ತ ಕಣವ್ವಾ, ಗದ್ದೆ ಮೂಲೇಲಿ ಚೆಲ್ಕೋ, ಕೆಡುಸ್ಬ್ಯಾಡ ಅನ್ನೋರು. ಒಬ್ಬೊಬ್ರಿಗೂ ಒಂದೊಂದ್ ಥರದ್ದು ಆಕಿದ್ರು ಅಂತ ನಂಗ್ ಗೊತ್ತೇ ಇರ್ನಿಲ್ಲ!"

ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಹೋಯಿತು.

ಪ್ರಿಯಂವದಾ ಮೊದಲ ಹೆಸರಿಗೆ ಹಿಂದಿರುಗಿ, ತನ್ನ ಫೋನಿನಿಂದ ಹೊಳಲಿನ ಸಣ್ಣತಾಯಮ್ಮನಿಗೆ ಕರೆ ಮಾಡಿ, ಎಲ್ಲರಿಗೂ ಕೇಳಿಸುವಂತೆ ಮೇಜಿನ ಮೇಲೆ ಇಟ್ಟಳು. ನಾಗರತ್ನ ಬಗ್ಗಿ ಮಾತಾಡಿದಳು.

"ಅಕ್ಕೋ, ನಾನು ಪುಟ್ಟಮಾದಯ್ಯನ ಸೊಸೆ. ನಿಮ್ ಮದ್ವೇಲಿ ಮಾವ ಮಡ್ಲಿಗೆ ಆಕಿದ್ ರತ್ನಚೂಡಿ ಐತಾ?"

"ಇಲ್ದೆ ಏನು!" ಆ ಕಡೆಯಿಂದ ಗದರುವ ದನಿ ಬಂತು. "ವರ್ಸಾ ವರ್ಸಾ ನಾಕ್ ಸಾಲು ನಾಟಿ ಮಾಡ್ತೀವಿ. ನನ್ ಮಗಳ ಮಡ್ಲಿಗೂ ಅದ್ನೇ ಆಕ್ ಕಳ್ಸಿವ್ನಿ. ತವರ್ನ ಭತ್ತ ಯಾರಾರ ಕಳ್ಕತಾರ? ಅಣ್ಣಯ್ಯ ಯಂಗವ್ರೆ?"

ರಾಘವೇಂದ್ರ ಕುರ್ಚಿ ಎಳೆದು ಕೂತರು. ಟ್ರಸ್ಟಿನವರು ಬೀಜ ಕಾಯಲು ತಣ್ಣನೆಯ ಕೋಣೆ ಕಟ್ಟಿಸಬೇಕೆಂದು ವರ್ಷಗಳಿಂದ ಓಡಾಡುತ್ತಿದ್ದರು. ಮೂರು ತಾಲ್ಲೂಕಿನ ಗದ್ದೆ ಮೂಲೆಗಳಲ್ಲಿ ಸೊಸೆಯಂದಿರು ಆ ಬೀಜವನ್ನು ಆಗಲೇ ಕಾಯುತ್ತಿದ್ದರು.

"ಆದರೆ ಅಡಗಿಸಿದ್ದು ಯಾರು? ಹೇಗೆ?" ಎಂದು ಕೇಳಿದರು.

"ಅಡಗಿಸಿಲ್ಲ, ಹಿಸುಕಿದ್ದಾರೆ," ಎಂದಳು ಪ್ರಿಯಂವದಾ. "ಸಾಲಿನ ಕೆಳಗಿನ ಗೆರೆ ಹಿಡಿದು ಮೇಲಕ್ಕೆ ಒತ್ತಿದರೆ ಸಾಲು ತೆಳ್ಳಗಾಗತ್ತೆ. ಪೂರ್ತಿ ಮುಚ್ಚಿಲ್ಲ, ಕೂದಲೆಳೆಯಷ್ಟು ಬಿಟ್ಟಿದ್ದಾರೆ. ಅಡಗಿಸದೇ ಇದ್ದದ್ದನ್ನು ಬಿಚ್ಚು ಅಂದರೆ ಕಂಪ್ಯೂಟರ್ ಏನನ್ನು ಬಿಚ್ಚತ್ತೆ? ಇನ್ನೂರಕ್ಕೂ ಮೇಲಿನ ಸಾಲುಗಳನ್ನು ಒಂದೊಂದಾಗಿ ಕೈಯಲ್ಲಿ ಹೀಗೆ ಒತ್ತುವ ತಾಳ್ಮೆ ಯಾರಿಗಿದೆ ನಾಗರತ್ನ, ನಿಮ್ಮ ಮನೆಯಲ್ಲಿ?"

"ಮಾವ್ನಿಗೆ," ನಾಗರತ್ನ ಅಳುತ್ತಲೇ ನಕ್ಕಳು. "ಮಧ್ಯಾನ ನಾವೆಲ್ಲ ಮಲಗ್ದಾಗ ಒಬ್ರೇ ಕಂಪೂಟ್ರು ಮುಂದೆ ಕುಂತಿರೋರು. ಇಸ್ಪೀಟ್ ಆಡ್ತಾವ್ರೆ ಅಂದ್ಕಂಡಿದ್ದೆ! ಅಕ್ಸರ ಕಾಣಾಕಿಲ್ಲ ಅಂದ್ರೆ ಗೆರೆ ಹಿಡ್ದು ಎಳ್ಕೋ ಮಾವ, ದೊಡ್ದಾಯ್ತದೆ ಅಂತ ನಾನೇ ಏಳ್ಕೊಟ್ಟಿದ್ದೆ. ಬಿತ್ನೆ ಭತ್ತ ನಾಕ್ ಜನದ ಕಣ್ಣಿಗೆ ಬೀಳ್ಬಾರ್ದು ಅಂತ ಮಡಕೆ ಬಾಯಿಗೆ ಸಗಣಿ ಬಳ್ದು ಮುಚ್ಚೋರು. ಇದ್ನೂ ಅಂಗೇ ಮುಚ್ಚವ್ರೆ."

ಪ್ರಿಯಂವದಾಗೆ ಇನ್ನು ತಡೆಯಲಾಗಲಿಲ್ಲ. ಇಡೀ ಹಾಳೆಯನ್ನು ಹಿಡಿದು ಸಾಲುಗಳಿಗೆಲ್ಲ ಒಂದೇ ಎತ್ತರ ಕೊಟ್ಟಳು.

ಅರವತ್ತೊಂದೂ ಇನ್ನೂರ ತೊಂಬತ್ತೆಂಟೂ ದೂರ ದೂರ ಸರಿದವು. ನಡುವಿನಿಂದ ಸಾಲು ಸಾಲಾಗಿ ಹೆಸರುಗಳು ಇಳಿದು ಬಂದವು, ಪರದೆ ತುಂಬಿ, ಉರುಳಿಸಿದಷ್ಟೂ ಮುಗಿಯದೆ. ನಲವತ್ತು ವರ್ಷದಲ್ಲಿ ಆ ಊರಿನಿಂದ ಹೊರಟ ಮದುವಣಗಿತ್ತಿಯರೆಲ್ಲ ಅಲ್ಲಿದ್ದರು. ಮೂವರೂ ತಲೆಗೆ ತಲೆ ತಾಗಿಸಿಕೊಂಡು ಓದಿದರು. ರಾಘವೇಂದ್ರರಿಗಂತೂ ಕಳವಿನ ಮಾತೇ ಮರೆತುಹೋಗಿತ್ತು. ಕಾಲೇಜು ದಿನಗಳಲ್ಲಿ ನಾಶವಾದ ತಳಿ ಎಂದು ತಾವು ಓದಿದ್ದ ಹೆಸರುಗಳನ್ನು ಬೆರಳಿಟ್ಟು ತೋರಿಸುತ್ತ, "ಇದು ಬದುಕಿದೆ! ಇದೂ ಬದುಕಿದೆ!" ಎನ್ನುತ್ತಿದ್ದರು.

"ಅಕ್ಕಾ, ನಿಲ್ಸಿ!"

ನಾಗರತ್ನ ಪ್ರಿಯಂವದಾಳ ಮಣಿಕಟ್ಟು ಹಿಡಿದಿದ್ದಳು.

"ಮಾಯಮ್ಮ. ಬಸರಾಳಿಗೆ. ಗಂಗೆಮುಡಿ."

ಗಂಗೆಮುಡಿ ಸತ್ತಿರಲಿಲ್ಲ. ಬಸರಾಳಿನ ಯಾವುದೋ ಗದ್ದೆಯ ಮೂಲೆಯಲ್ಲಿ ಮಾಯಮ್ಮ ಎಂಬುವಳು ಅದನ್ನು ಸಾಕುತ್ತಿದ್ದಳು. ನಾಗರತ್ನ ಅಲ್ಲೇ ನೆಲದ ಮೇಲೆ ಕುಸಿದು ಕೂತು ಎರಡೂ ಕೈ ಜೋಡಿಸಿದಳು. "ಒಂದ್ ಮುಟ್ಗೆ ತಂದು ಮಾವನ್ ಕೈಗ್ ಕೊಡ್ತೀನಿ ಕಣಕ್ಕಾ. ಆಗ್ಲಾದ್ರೂ ನೋಡ್ತಾರೆ ನನ್ನ. ನೋಡೇ ನೋಡ್ತಾರೆ."

ಪ್ರಿಯಂವದಾ ಮಾಯಮ್ಮನ ನಂಬರು ಒತ್ತಲು ಫೋನ್ ಎತ್ತಿಕೊಂಡಳು.

ಆಗ ಪರದೆಯ ಮೇಲೆ ಇನ್ನೊಂದು ಚೌಕ ಕಾಣಿಸಿತು.

ಅವಳದು ಹಸಿರು. ಇದು ನೇರಳೆ ಬಣ್ಣದ್ದು. ಹಲವರು ಸೇರಿ ಬಳಸುವ ಹಾಳೆಯಲ್ಲಿ ಬೇರೆ ಯಾರಾದರೂ ಬೇರೆ ಕಡೆಯಿಂದ ಒಳಬಂದರೆ ಹೀಗೆ ಅವರ ಚೌಕ ಕಾಣುತ್ತದೆ, ತುದಿಯಲ್ಲಿ ಅವರ ಹೆಸರಿನ ಚೀಟಿ ಇರುತ್ತದೆ. ನೇರಳೆ ಚೌಕ ಈಗತಾನೆ ತೆರೆದ ಸಾಲುಗಳ ಮೇಲೆ ಇಳಿಯುತ್ತ ಬಂತು. ತಡೆದು ತಡೆದು, ಓದಿಕೊಂಡು ಬರುವವರ ಹಾಗೆ.

ಬೀಜದ ಮಡಕೆಯನ್ನು ನಾಲ್ಕು ಜನ ನೋಡುವ ಹಾಗೆ ಬೀದಿಯಲ್ಲಿ ಬಿಚ್ಚಿದ್ದಳು ಪ್ರಿಯಂವದಾ. ಪ್ರತಿ ಮಾಡಿಕೊಂಡು ತನ್ನ ಕಂಪ್ಯೂಟರಿನಲ್ಲಿ ತೆರೆಯಬೇಕಿತ್ತು. ಯಾವ ವಿದ್ಯಾರ್ಥಿ ಈ ತಪ್ಪು ಮಾಡಿದ್ದರೂ ಅವಳೇ ಕಿವಿ ಹಿಂಡುತ್ತಿದ್ದಳು.

ನೇರಳೆ ಚೌಕ ಮಾಯಮ್ಮನ ಹೆಸರಿನ ಮೇಲೆ ಬಂದು ನಿಂತಿತು.

ಚೀಟಿಯಲ್ಲಿದ್ದ ಹೆಸರು: ನಾಗರತ್ನ.

ರಾಘವೇಂದ್ರ ತಟ್ಟನೆ ಕೆಳಗೆ ನೋಡಿದರು. ನಾಗರತ್ನ ನೆಲದ ಮೇಲೆ ಕೂತಿದ್ದಳು, ಕೈ ಇನ್ನೂ ಜೋಡಿಸಿಯೇ ಇತ್ತು. ಅವಳ ಫೋನು ಮೇಜಿನ ಮೇಲೆ, ಕತ್ತಲಾಗಿ, ಎಲ್ಲರ ಕಣ್ಣೆದುರೇ ಬಿದ್ದಿತ್ತು.

"ನೋಡಿಕೊಳ್ಳಿ ರಾಘವೇಂದ್ರ ಅವರೇ," ಪ್ರಿಯಂವದಾ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನಾಗರತ್ನ ಇಲ್ಲಿದ್ದಾಳೆ. ಅವಳ ಹೆಸರು ಹೊತ್ತವರು ಇನ್ನೆಲ್ಲೋ ಇದ್ದಾರೆ. ಗಂಗೆಮುಡಿಯನ್ನು ಅಳಿಸಿದ್ದೂ ಅವರೇ, ಮಡಕೆ ತೆಗೆದದ್ದೂ ಅವರೇ."

ರಾಘವೇಂದ್ರ ನಾಗರತ್ನಳ ಕಡೆ ತಿರುಗಿದರು. "ತಪ್ಪಾಯ್ತಮ್ಮಾ," ಎಂದರು. ಅಷ್ಟನ್ನು ಹೇಳುವಷ್ಟು ದೊಡ್ಡತನ ಅವರಿಗಿತ್ತು.

ಪರದೆಯಲ್ಲಿ ನೇರಳೆ ಚೌಕ ಇನ್ನೂ ಒಂದು ಗಳಿಗೆ ನಿಂತು, ಮಾಯವಾಯಿತು. ಬೇಕಾದದ್ದು ಸಿಕ್ಕವರು ನಿಲ್ಲುವುದಿಲ್ಲ.

"ನಿನ್ನ ಖಾತೆ ಇನ್ಯಾವುದಾದರೂ ಫೋನಿನಲ್ಲಿದೆಯೇನಮ್ಮಾ?" ಪ್ರಿಯಂವದಾ ಅವಳ ಪಕ್ಕದಲ್ಲಿ ಮಂಡಿಯೂರಿದಳು. "ಹಳೇ ಫೋನು ಯಾರಿಗಾದರೂ ಕೊಟ್ಟಿದ್ದೀಯಾ?"

ನಾಗರತ್ನಳ ಮುಖದಲ್ಲಿದ್ದ ಬೆಳಕು ಆರಿತು. ಆಮೇಲೆ ಪ್ರಿಯಂವದಾಳ ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ನಮ್ ಯಜಮಾನ್ರ ತಾವೈತೆ. ಮಾದೇವ್ನ ತಾವ."

ಮಹದೇವ. ಪುಟ್ಟಮಾದಯ್ಯನಿಗೆ ಇದ್ದ ಒಬ್ಬನೇ ಮಗ.

"ಯಾರ ಹತ್ತಿರ ಅಂತೆ?" ರಾಘವೇಂದ್ರ ಆಗಲೇ ಫೋನ್ ಕೈಗೆತ್ತಿಕೊಂಡಿದ್ದರು. "ಹೆಸರು ಹೇಳಮ್ಮಾ. ಅಲ್ಲಿ ಉಳಿದಿರೋ ಬೀಜಕ್ಕೂ ಕೈ ಹಾಕೋಕೆ ಬಸರಾಳು ತಲುಪೋ ಮೊದಲೇ ಪೊಲೀಸರಿಗೆ ಹೇಳಿ ಹಿಡಿಸ್ತೀನಿ."

ನಾಗರತ್ನ ಎದ್ದು ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಯಾರ್ನೂ ಹಿಡಿಯಾದ್ ಬ್ಯಾಡಿ ಸಾ. ನಾನೇ ಕದ್ದಿದ್ದು. ಆ ಪೋನು ಕೊಟ್ಟು ಮಾಡುಸ್ತಿರೋಳೂ ನಾನೇ. ಅಂಗೇ ಬರ್ಕಳಿ."

"ನಾಗರತ್ನ!" ಪ್ರಿಯಂವದಾ ಅವಳ ತೋಳು ಹಿಡಿದು ಅಲ್ಲಾಡಿಸಿದಳು. "ಬುದ್ಧಿ ಇದೆಯೇನೇ ನಿನಗೆ? ಈಗತಾನೆ ಗೆದ್ದೆಯಲ್ಲೇ!"

ನಾಗರತ್ನ ಅವಳ ಕೈಯನ್ನು ಮೆಲ್ಲನೆ ಬಿಡಿಸಿಕೊಂಡಳು.

"ಮಾವ ನನ್ ಕಡೆಯಿಂದ ಆಗ್ಲೇ ಮಖ ತಿರುಗ್ಸವ್ರೆ ಕಣಕ್ಕಾ," ಎಂದಳು. "ಮಗನ ಕಡೆಯಿಂದ್ಲೂ ತಿರುಗ್ಸುದ್ರೆ, ಗಂಜಿ ಯಾರ್ ಕೈಲಿ ಕುಡೀತಾರೆ?"